ಬಾಹ್ಯಾಕಾಶದ ಸಂದೇಶ ಕೇಳಲು ರೇಡಿಯೊವನ್ನು ಯಾವ ಸ್ಟೇಷನ್‌ಗೆ ತಿರುಗಿಸಬೇಕು?

ವರ್ಷಕ್ಕೆ ಒಂದೆರಡು ಬಾರಿಯಾದರೂ ಈ ಸುದ್ದಿ ನಮ್ಮ ವಾಟ್ಸಾಪ್ ಗ್ರೂಪುಗಳಿಗೆ ಬಂದೇ ಬರುತ್ತದೆ. ದೂರದ ಗ್ರಹದಿಂದ ರೇಡಿಯೊ ಸಂದೇಶ ಬಂದಿದೆಯಂತೆ, ವಿಜ್ಞಾನಿಗಳು ಬೆಚ್ಚಿಬಿದ್ದಿದ್ದಾರಂತೆ, ದೊಡ್ಡ ದೇಶಗಳು ವಿಷಯ ಮುಚ್ಚಿಡುತ್ತಿವೆಯಂತೆ. ಜೊತೆಗೊಂದು ದೊಡ್ಡ ಡಿಶ್ ಆಂಟೆನಾದ ಫೋಟೊ. ಕೊನೆಯಲ್ಲಿ, ಎಲ್ಲರಿಗೂ ಕಳುಹಿಸಿ ಎಂಬ ಮನವಿ.

ಇಂತಹ ಫಾರ್ವರ್ಡ್‌ಗಳಲ್ಲಿ ಎಲ್ಲವೂ ಇರುತ್ತದೆ, ಒಂದು ಸಂಖ್ಯೆ ಮಾತ್ರ ಇರುವುದಿಲ್ಲ. ಸಂದೇಶ ಸಿಕ್ಕಿದ್ದು ಯಾವ ಫ್ರೀಕ್ವೆನ್ಸಿಯಲ್ಲಿ?

ಈ ಪ್ರಶ್ನೆ ಸಣ್ಣದೆನಿಸಬಹುದು. ಆದರೆ ಬಾಹ್ಯಾಕಾಶದತ್ತ ಕಿವಿಗೊಟ್ಟು ಕೂತ ವಿಜ್ಞಾನಿಗಳು ಮೊದಲು ಕೇಳಿಕೊಳ್ಳುವುದೇ ಇದನ್ನು. ಉತ್ತರ ಗೊತ್ತಿದ್ದರೆ, ಮುಂದಿನ ಸಲ ಇಂತಹ ಸುದ್ದಿ ಬಂದಾಗ ನಂಬಬೇಕೋ ಬೇಡವೋ ಎಂದು ನಾವೇ ಅರ್ಧದಷ್ಟು ತೀರ್ಮಾನಿಸಬಹುದು. ಹೇಗೆ ಎಂದು ನೋಡೋಣ.

ಮೊದಲಿಗೆ: ಇದು ಶಬ್ದವಲ್ಲ

ಸೂರ್ಯನಿಂದ ‘ಓಂ’ ಎಂಬ ನಾದ ಬರುತ್ತಿದೆ, ನಾಸಾ ರೆಕಾರ್ಡ್ ಮಾಡಿದೆ ಎಂಬ ವೀಡಿಯೊವನ್ನು ನೀವೂ ನೋಡಿರಬಹುದು. ಅದು ಸುಳ್ಳು. ಶಬ್ದ ಸಾಗಲು ಗಾಳಿಯೋ ನೀರೋ ಬೇಕು. ಸೂರ್ಯನಿಗೂ ಭೂಮಿಗೂ ನಡುವೆ ಶಬ್ದವನ್ನು ಹೊತ್ತು ತರುವಷ್ಟು ದಟ್ಟವಾದ ಯಾವ ವಸ್ತುವೂ ಇಲ್ಲ. ಸೂರ್ಯನ ಕಂಪನಗಳ ಮಾಹಿತಿಯನ್ನು ಕಂಪ್ಯೂಟರ್‌ನಲ್ಲಿ ಶಬ್ದವಾಗಿ ಪರಿವರ್ತಿಸಿ ಕೇಳಿಸಬಹುದು, ಅಷ್ಟೆ.

ರೇಡಿಯೊ ಅಲೆಗಳು ಬೆಳಕಿನ ಜಾತಿಯವು. ಬೆಳಕಿನಂತೆಯೇ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ, ಖಾಲಿ ಜಾಗದಲ್ಲೂ ಸಾಗುತ್ತವೆ. ಹಾಗಾಗಿ ರೇಡಿಯೊ ದೂರದರ್ಶಕದ ಮುಂದೆ ಯಾರೂ ಹೆಡ್‌ಫೋನ್ ಹಾಕಿಕೊಂಡು ಕೂತಿರುವುದಿಲ್ಲ. ‘ಕೇಳುವುದು’ ಎನ್ನುವುದು ನಮ್ಮ ಮಾತಿನ ರೂಢಿ. ನಿಜದಲ್ಲಿ ನಡೆಯುವುದು ಅಳೆಯುವ ಕೆಲಸ.

ಇನ್ನು ಫ್ರೀಕ್ವೆನ್ಸಿ, ಅಂದರೆ ಆವರ್ತನ. ಅಲೆ ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಏರಿಳಿಯುತ್ತದೆ ಎಂಬ ಲೆಕ್ಕ. ಬೆಂಗಳೂರು ಆಕಾಶವಾಣಿ ಎಂದರೆ ಮೀಡಿಯಂ ವೇವ್‌ನಲ್ಲಿ 612 ಕಿಲೋಹರ್ಟ್ಸ್ ಎಂದು ಮನೆಯ ಹಿರಿಯರಿಗೆ ಬಾಯಿಪಾಠ. ಸೆಕೆಂಡಿಗೆ 6 ಲಕ್ಷದ 12 ಸಾವಿರ ಏರಿಳಿತ. ಎಫ್‌ಎಂ ರೇನ್‌ಬೋ 101.3 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 10 ಕೋಟಿಗೂ ಹೆಚ್ಚು. ಸಾವಿರ ಮೆಗಾಹರ್ಟ್ಸ್ ಸೇರಿದರೆ ಒಂದು ಗಿಗಾಹರ್ಟ್ಸ್. ಮುಳ್ಳು ಸರಿಯಾದ ಜಾಗದಲ್ಲಿ ನಿಲ್ಲದಿದ್ದರೆ ಸ್ಟೇಷನ್ ಸಿಗುವುದಿಲ್ಲ ಎಂಬುದು ರೇಡಿಯೊ ತಿರುಗಿಸಿದ ಎಲ್ಲರಿಗೂ ಗೊತ್ತು. ಬಾಹ್ಯಾಕಾಶದ ಸಮಸ್ಯೆಯೂ ಅದೇ. ವ್ಯತ್ಯಾಸ ಇಷ್ಟೇ, ಅಲ್ಲಿಯ ಸ್ಟೇಷನ್ ಯಾವ ಸಂಖ್ಯೆಯಲ್ಲಿದೆ ಎಂದು ಯಾರೂ ಹೇಳಿಲ್ಲ. ಸ್ಟೇಷನ್ ಇದೆಯೋ ಇಲ್ಲವೋ ಅದೂ ಗೊತ್ತಿಲ್ಲ.

ಕೆಳಗೆ ಗದ್ದಲ, ಮೇಲೆ ಪರದೆ

ಎಲ್ಲ ಫ್ರೀಕ್ವೆನ್ಸಿಗಳಲ್ಲೂ ಹುಡುಕುವುದು ಸುಲಭವಲ್ಲ. ಅದೃಷ್ಟವಶಾತ್ ಪ್ರಕೃತಿಯೇ ಕೆಲವನ್ನು ಕೈಬಿಡುವಂತೆ ಮಾಡುತ್ತದೆ.

ತೀರಾ ಕೆಳಗಿನಿಂದ ಶುರು ಮಾಡೋಣ. ನಮ್ಮ ತಲೆಯ ಮೇಲೆ ನೂರಾರು ಕಿಲೋಮೀಟರ್ ಎತ್ತರದಲ್ಲಿ ಅಯಾನುಗೋಳ ಎಂಬ ಪದರವಿದೆ. ಸುಮಾರು 10 ಮೆಗಾಹರ್ಟ್ಸ್‌ಗಿಂತ ಕಡಿಮೆ ಆವರ್ತನದ ಅಲೆಗಳಿಗೆ ಇದು ಕನ್ನಡಿಯಂತೆ. ಶಾರ್ಟ್‌ವೇವ್ ರೇಡಿಯೊದಲ್ಲಿ ದೂರದೇಶದ ಸ್ಟೇಷನ್‌ಗಳು ಸಿಗುವುದು ಈ ಪದರಕ್ಕೆ ಬಡಿದು ವಾಪಸಾಗುವುದರಿಂದಲೇ. ಆದರೆ ಒಳಗಿನದನ್ನು ಹೊರಗೆ ಬಿಡದ ಕನ್ನಡಿ ಹೊರಗಿನದನ್ನು ಒಳಗೂ ಬಿಡುವುದಿಲ್ಲ.

ಅದಕ್ಕಿಂತ ಮೇಲೆ ಹೋದರೆ ದಾರಿ ತೆರೆಯುತ್ತದೆ, ಆದರೆ ಗದ್ದಲ ಜಾಸ್ತಿ. ನಮ್ಮ ಆಕಾಶಗಂಗೆಯ ಕಾಂತಕ್ಷೇತ್ರದಲ್ಲಿ ಸುತ್ತುತ್ತಿರುವ ವೇಗದ ಎಲೆಕ್ಟ್ರಾನುಗಳು ಸದಾ ರೇಡಿಯೊ ಅಲೆಗಳನ್ನು ಸೂಸುತ್ತಿರುತ್ತವೆ. 1930ರ ದಶಕದ ಆರಂಭದಲ್ಲಿ ಅಮೆರಿಕದ ಕಾರ್ಲ್ ಜಾನ್ಸ್ಕಿ 20.5 ಮೆಗಾಹರ್ಟ್ಸ್‌ನಲ್ಲಿ, ದೂರವಾಣಿ ಸಂಪರ್ಕಕ್ಕೆ ಅಡ್ಡಿಯಾಗುವ ಗರಗರ ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತ ಹೊರಟು ಕಂಡುಕೊಂಡದ್ದು ಇದನ್ನೇ. ರೇಡಿಯೊ ಖಗೋಳವಿಜ್ಞಾನ ಹುಟ್ಟಿದ್ದು ಹಾಗೆ. ಆವರ್ತನ ಹೆಚ್ಚಿದಂತೆ ಈ ಗದ್ದಲ ಇಳಿಯುತ್ತದೆ. ಸುಮಾರು 1 ಗಿಗಾಹರ್ಟ್ಸ್ ದಾಟಿದ ಮೇಲೆ ಸಾಕಷ್ಟು ನಿಶ್ಶಬ್ದ.

ಇನ್ನೂ ಮೇಲೆ ಹೋದರೆ? ಸುಮಾರು 10 ಗಿಗಾಹರ್ಟ್ಸ್ ನಂತರ ನಮ್ಮದೇ ವಾತಾವರಣ ಅಡ್ಡ ಬರುತ್ತದೆ. 22 ಗಿಗಾಹರ್ಟ್ಸ್ ಸುತ್ತ ನೀರಾವಿ, 60ರ ಸುತ್ತ ಆಮ್ಲಜನಕ ಅಲೆಗಳನ್ನು ಹೀರುತ್ತವೆ. ಹೀರುವುದಷ್ಟೇ ಅಲ್ಲ, ತಾವೂ ಅದೇ ಆವರ್ತನದಲ್ಲಿ ಮಿನುಗಿ ಗದ್ದಲ ಸೇರಿಸುತ್ತವೆ.

ಹೀಗೆ ಕೆಳಗೆ ಆಕಾಶಗಂಗೆಯ ಗದ್ದಲ, ಮೇಲೆ ವಾತಾವರಣದ ಪರದೆ. ಇವೆರಡರ ನಡುವೆ 1ರಿಂದ 10 ಗಿಗಾಹರ್ಟ್ಸ್‌ವರೆಗೆ ಒಂದು ಕಿಟಕಿ ತೆರೆದಿದೆ. ನಮ್ಮ ಗಗನನೌಕೆಗಳೊಂದಿಗೆ ಮಾತಾಡಲು ಬಳಸುವುದೂ ಹೆಚ್ಚಾಗಿ ಇದನ್ನೇ. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿರುವ ಇಸ್ರೊದ 32 ಮೀಟರ್ ಡಿಶ್ ಕೆಲಸ ಮಾಡುವ ಎಸ್ ಬ್ಯಾಂಡ್, ಎಕ್ಸ್ ಬ್ಯಾಂಡ್ ಎರಡೂ ಈ ಕಿಟಕಿಯೊಳಗೇ ಇವೆ.

1420: ಬ್ರಹ್ಮಾಂಡಕ್ಕೆಲ್ಲ ಒಂದೇ ಸಂಖ್ಯೆ

ಕಿಟಕಿ ಸಿಕ್ಕಿತು. ಆದರೆ ಅದು ತುಂಬ ದೊಡ್ಡದು. ಒಂದೊಂದು ಹರ್ಟ್ಸ್ ಅನ್ನು ಒಂದೊಂದು ಸ್ಟೇಷನ್ ಎಂದುಕೊಂಡರೆ ಅದರಲ್ಲಿ 900 ಕೋಟಿ ಸ್ಟೇಷನ್‌ಗಳು ಹಿಡಿಸುತ್ತವೆ.

ಜಾತ್ರೆಯಲ್ಲಿ ಕಳೆದುಹೋದ ಇಬ್ಬರ ಕತೆ ನೆನಪಿಸಿಕೊಳ್ಳಿ. ಫೋನಿಲ್ಲ, ಮೊದಲೇ ಮಾತಾಡಿಕೊಂಡಿಲ್ಲ. ಇಬ್ಬರೂ ಎಲ್ಲಿಗೆ ಹೋಗಿ ನಿಲ್ಲುತ್ತಾರೆ? ತೇರಿನ ಹತ್ತಿರ. ಅದು ಇಬ್ಬರಿಗೂ ಗೊತ್ತಿರುವ ಜಾಗ, ಮತ್ತು ಇನ್ನೊಬ್ಬನಿಗೂ ಅದೇ ಹೊಳೆಯುತ್ತದೆ ಎಂದು ಇಬ್ಬರಿಗೂ ಗೊತ್ತು. ಫ್ರೀಕ್ವೆನ್ಸಿಗಳ ಜಾತ್ರೆಯಲ್ಲಿ ಹಾಗೊಂದು ತೇರು ಇದೆಯೇ?

ಇದೆ ಎಂದರು ಜುಸೆಪ್ಪೆ ಕೊಕ್ಕೋನಿ ಮತ್ತು ಫಿಲಿಪ್ ಮಾರಿಸನ್. 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಅವರು ಸೂಚಿಸಿದ್ದು 1420 ಮೆಗಾಹರ್ಟ್ಸ್. ಅದು ಜಲಜನಕದ ಸಂಖ್ಯೆ.

ಜಲಜನಕದ ಪರಮಾಣುವಿನಲ್ಲಿ ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್. ಎರಡೂ ಪುಟ್ಟ ಆಯಸ್ಕಾಂತಗಳಂತೆ ವರ್ತಿಸುತ್ತವೆ. ಎರಡರ ‘ಸ್ಪಿನ್’ ಒಂದೇ ದಿಕ್ಕಿಗಿದ್ದಾಗ ಶಕ್ತಿ ತುಸು ಹೆಚ್ಚು, ವಿರುದ್ಧ ದಿಕ್ಕಿಗಿದ್ದಾಗ ತುಸು ಕಡಿಮೆ. ಮೊದಲ ಸ್ಥಿತಿಯಿಂದ ಎರಡನೆಯದಕ್ಕೆ ಮಗುಚಿದಾಗ ಆ ವ್ಯತ್ಯಾಸ 1420.4 ಮೆಗಾಹರ್ಟ್ಸ್‌ನ ರೇಡಿಯೊ ಅಲೆಯಾಗಿ ಹೊರಬೀಳುತ್ತದೆ. ಅಲೆಯ ಉದ್ದ ಸುಮಾರು 21 ಸೆಂಟಿಮೀಟರ್. ಒಂದು ಪರಮಾಣು ತಾನಾಗಿ ಹೀಗೆ ಮಗುಚಲು ಸರಾಸರಿ ಒಂದು ಕೋಟಿ ವರ್ಷಕ್ಕೂ ಹೆಚ್ಚು ಕಾಲ ಬೇಕು. ಆದರೆ ಬ್ರಹ್ಮಾಂಡದ ಸಾಮಾನ್ಯ ದ್ರವ್ಯದಲ್ಲಿ ತೂಕದ ಲೆಕ್ಕಕ್ಕೆ ಸುಮಾರು ಮುಕ್ಕಾಲು ಪಾಲು ಜಲಜನಕವೇ. ಹಾಗಾಗಿ ಎಲ್ಲೆಲ್ಲೂ, ಯಾವಾಗಲೂ ಈ ಅಲೆ ಬರುತ್ತಲೇ ಇರುತ್ತದೆ. ಇದನ್ನು 1944ರಲ್ಲಿ ಡಚ್ ವಿಜ್ಞಾನಿ ಹೆಂಡ್ರಿಕ್ ವಾನ್ ಡೆ ಹುಲ್ಸ್ಟ್ ಊಹಿಸಿದ್ದರು. 1951ರಲ್ಲಿ ಹಾರ್ವರ್ಡ್‌ನ ಇವೆನ್ ಮತ್ತು ಪರ್ಸೆಲ್ ಪತ್ತೆ ಮಾಡಿದರು.

ಬೇರೆ ನಕ್ಷತ್ರದ ಸುತ್ತ ಯಾರಾದರೂ ಬುದ್ಧಿವಂತರಿದ್ದರೆ ಅವರ ಭಾಷೆ ಬೇರೆ, ಲಿಪಿ ಬೇರೆ, ಎಣಿಕೆಯ ರೀತಿಯೂ ಬೇರೆ ಇರಬಹುದು. ಜಲಜನಕ ಮಾತ್ರ ಒಂದೇ. ರೇಡಿಯೊ ದೂರದರ್ಶಕ ಕಟ್ಟಿದ ಯಾರಿಗೇ ಆದರೂ ಈ ಸಂಖ್ಯೆ ಗೊತ್ತಿರಲೇಬೇಕು. ಇದು ಕೊಕ್ಕೋನಿ ಮತ್ತು ಮಾರಿಸನ್ ಅವರ ವಾದ.

ಮರುವರ್ಷವೇ, 1960ರ ಏಪ್ರಿಲ್‌ನಲ್ಲಿ, ಅಮೆರಿಕದ ಗ್ರೀನ್ ಬ್ಯಾಂಕ್‌ನಲ್ಲಿ ಫ್ರಾಂಕ್ ಡ್ರೇಕ್ 26 ಮೀಟರ್ ಡಿಶ್ ಅನ್ನು ಟೌ ಸೆಟಿ, ಎಪ್ಸಿಲಾನ್ ಎರಿಡಾನಿ ಎಂಬ ಎರಡು ಹತ್ತಿರದ ನಕ್ಷತ್ರಗಳತ್ತ ತಿರುಗಿಸಿದರು. ಮುಳ್ಳು 1420ರಲ್ಲಿ. ಅವರಿಗೆ ನಕ್ಷತ್ರಗಳಿಂದ ಏನೂ ಸಿಗಲಿಲ್ಲ. ನಡುವೆ ಒಮ್ಮೆ ಜೋರಾದ ಸಂಕೇತ ಬಂದು ಎಲ್ಲರ ಎದೆ ಬಡಿತ ಹೆಚ್ಚಿಸಿತು. ಅದು ವಿಮಾನದ್ದಿರಬೇಕು ಎಂದು ಆಮೇಲೆ ತಿಳಿಯಿತು. ಈ ವಿಮಾನವನ್ನು ನೆನಪಿಟ್ಟುಕೊಳ್ಳಿ, ಇದರ ಬಂಧುಗಳು ಮುಂದೆ ಮತ್ತೆ ಬರುತ್ತಾರೆ.

ನೀರಿನ ತಾಣದಲ್ಲಿ ನಮ್ಮ ಜಿಪಿಎಸ್

ಜಲಜನಕದ ಗೆರೆಯಿಂದ ಸ್ವಲ್ಪ ಮೇಲೆ, 1612ರಿಂದ 1720 ಮೆಗಾಹರ್ಟ್ಸ್ ನಡುವೆ, ಹೈಡ್ರಾಕ್ಸಿಲ್ ಎಂಬ ಅಣುವಿನ ಗೆರೆಗಳಿವೆ. ಜಲಜನಕವೂ ಹೈಡ್ರಾಕ್ಸಿಲ್ಲೂ ಸೇರಿದರೆ ನೀರು. ಎಲ್ಲ ಪ್ರಾಣಿಗಳೂ ನೀರಿನ ಹೊಂಡದ ಬಳಿ ಸೇರುವಂತೆ ಬೇರೆ ಬೇರೆ ಲೋಕದವರು ಈ ಎರಡು ಗೆರೆಗಳ ನಡುವೆ ಭೇಟಿಯಾಗಬಹುದಲ್ಲ ಎಂದರು ಅಮೆರಿಕದ ಎಂಜಿನಿಯರ್ ಬರ್ನಾರ್ಡ್ ಆಲಿವರ್. ಅಂದಿನಿಂದ ಈ ಪಟ್ಟಿಗೆ ‘ನೀರಿನ ತಾಣ’ ಎಂಬ ಹೆಸರು ಬಂತು. ಇದು ಕಿಟಕಿಯ ಅತ್ಯಂತ ಶಾಂತ ಭಾಗಗಳಲ್ಲೊಂದು.

ಶಾಂತ ಎಂದರೆ ಪ್ರಕೃತಿಯ ಮಟ್ಟಿಗೆ. ನಿಮ್ಮ ಫೋನಿನ ಮ್ಯಾಪ್ ದಾರಿ ತೋರಿಸುವುದು ಜಿಪಿಎಸ್ ಉಪಗ್ರಹಗಳಿಂದ. ಅವುಗಳ ಮುಖ್ಯ ಸಂಕೇತ 1575.42 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಲೆಕ್ಕ ಹಾಕಿ ನೋಡಿ, ಅದು ನೀರಿನ ತಾಣದ ನಡುವೆಯೇ ಇದೆ! ಉಪಗ್ರಹ ಫೋನುಗಳೂ ಅಲ್ಲೇ ಸುಳಿದಾಡುತ್ತವೆ. ಪ್ರಾಣಿಗಳು ಬರಲಿ ಎಂದು ಹೊಂಡದ ಬಳಿ ಕಾದು ಕೂತರೆ, ಅಲ್ಲಿ ನಮ್ಮದೇ ಊರಿನ ಸಂತೆ ನೆರೆದಿದೆ.

ಸಂಕೇತ ಸಿಕ್ಕರೆ ನಂಬುವುದು ಹೇಗೆ?

ಈಗ ಒಬ್ಬರೇ ಕೂತು ಮುಳ್ಳು ತಿರುಗಿಸುವ ಕಾಲವಲ್ಲ. ಡ್ರೇಕ್ ಒಂದು ಸಲಕ್ಕೆ ಒಂದೇ ಚಾನಲ್ ನೋಡುತ್ತಿದ್ದರು. ಇಂದಿನ ಕಂಪ್ಯೂಟರುಗಳು ಕೋಟಿಗಟ್ಟಲೆ ಚಾನಲ್‌ಗಳನ್ನು ಒಟ್ಟಿಗೇ ನೋಡುತ್ತವೆ. ಹಾಗಾಗಿ ‘ಯಾವ ಸಂಖ್ಯೆ’ ಎಂಬ ಪ್ರಶ್ನೆಯ ಜೊತೆಗೆ ‘ಎಂತಹ ಸಂಕೇತ’ ಎಂಬ ಪ್ರಶ್ನೆಯೂ ಸೇರಿದೆ. ವಿಜ್ಞಾನಿಗಳು ಮುಖ್ಯವಾಗಿ ಮೂರು ಗುಣ ನೋಡುತ್ತಾರೆ.

ಒಂದು, ಸಂಕೇತ ಕಿರಿದಾಗಿರಬೇಕು. ನಕ್ಷತ್ರ, ಮೋಡ, ಅನಿಲ ಯಾವುದೇ ಇರಲಿ, ಪ್ರಕೃತಿಯ ರೇಡಿಯೊ ಅಲೆ ಕಡಿಮೆಯೆಂದರೂ ನೂರಾರು ಹರ್ಟ್ಸ್ ಅಗಲಕ್ಕೆ ಹರಡಿರುತ್ತದೆ. ಒಂದೆರಡು ಹರ್ಟ್ಸ್‌ಗೆ ಸೀಮಿತವಾದ ಸಂಕೇತ ಬಂದರೆ ಅದರ ಹಿಂದೆ ಯಂತ್ರವಿದೆ ಎಂದರ್ಥ. ಯಾರ ಯಂತ್ರ ಎಂಬುದು ಮುಂದಿನ ಪ್ರಶ್ನೆ.

ಎರಡು, ಆವರ್ತನ ನಿಧಾನವಾಗಿ ಜಾರಬೇಕು. ಆಂಬುಲೆನ್ಸ್ ಹತ್ತಿರ ಬರುವಾಗ ಸೈರನ್ ಕೀರಲು, ದೂರ ಹೋಗುವಾಗ ದಪ್ಪ. ರೇಡಿಯೊ ಅಲೆಗೂ ಹೀಗೆಯೇ. ಭೂಮಿ ತಿರುಗುತ್ತಿರುವುದರಿಂದ ಹೊರಗಿನ ಸಂಕೇತದ ಆವರ್ತನ ಸಾಮಾನ್ಯವಾಗಿ ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ಒಂದಿಷ್ಟೂ ಕದಲದೆ ನಿಂತರೆ ಅದರ ಮೂಲ ಭೂಮಿಯ ಮೇಲೇ ಇರುವ ಸಾಧ್ಯತೆ ಹೆಚ್ಚು.

ಮೂರು, ಡಿಶ್ ಆ ಕಡೆ ತಿರುಗಿದಾಗ ಕಾಣಬೇಕು, ಈ ಕಡೆ ತಿರುಗಿದಾಗ ಮಾಯವಾಗಬೇಕು. ಮತ್ತು ಇನ್ನೊಂದು ದಿನ ನೋಡಿದಾಗಲೂ ಸಿಗಬೇಕು.

ಫಾರ್ವರ್ಡ್‌ಗಳ ನೆಚ್ಚಿನ ‘ವಾವ್!’ ಸಂಕೇತ ಈ ಕೊನೆಯ ಪರೀಕ್ಷೆಯಲ್ಲೇ ಎಡವುತ್ತದೆ. 1977ರ ಆಗಸ್ಟ್ 15ರಂದು ಅಮೆರಿಕದ ಒಹಾಯೊದಲ್ಲಿದ್ದ ‘ಬಿಗ್ ಇಯರ್’ ದೂರದರ್ಶಕದಲ್ಲಿ, 1420 ಮೆಗಾಹರ್ಟ್ಸ್ ಹತ್ತಿರವೇ, 72 ಸೆಕೆಂಡ್ ಕಾಲ ಪ್ರಬಲ ಸಂಕೇತ ದಾಖಲಾಯಿತು. ಕೆಲ ದಿನಗಳ ಬಳಿಕ ಕಾಗದದ ಮೇಲೆ ಅದನ್ನು ಕಂಡ ಜೆರ್ರಿ ಎಹ್ಮನ್ ಕೆಂಪು ಪೆನ್ನಿನಲ್ಲಿ ‘ವಾವ್!’ ಎಂದು ಬರೆದರು. ಆಮೇಲೆ ಎಷ್ಟು ಸಲ ಹುಡುಕಿದರೂ ಅದು ಮತ್ತೆ ಸಿಗಲಿಲ್ಲ. ಕಾರಣ ಇಂದಿಗೂ ಖಚಿತವಾಗಿಲ್ಲ. ಆದರೆ ‘ಗೊತ್ತಾಗಿಲ್ಲ’ ಎಂದರೆ ‘ಅನ್ಯಗ್ರಹದವರದು’ ಎಂದಲ್ಲ.

ಇನ್ನೊಂದು ಪ್ರಸಂಗ ನೋಡಿ. 2019ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್‌ನ 64 ಮೀಟರ್ ಡಿಶ್‌ಗೆ ಸೂರ್ಯನ ನೆರೆಯ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಯ ದಿಕ್ಕಿನಿಂದ 982 ಮೆಗಾಹರ್ಟ್ಸ್‌ನಲ್ಲಿ ಸಂಕೇತ ಸಿಕ್ಕಿತು. ಕಿರಿದಾಗಿತ್ತು, ಜಾರುತ್ತಲೂ ಇತ್ತು. ಡಿಶ್ ಬೇರೆಡೆ ತಿರುಗಿದಾಗ ಕಾಣಲಿಲ್ಲ. 2020ರ ಕೊನೆಗೆ ಸುದ್ದಿ ಹೊರಬಂದು ಜಗತ್ತೆಲ್ಲ ಹಬ್ಬಿತು. 2021ರಲ್ಲಿ ಸಂಶೋಧಕರು ತನಿಖೆ ಮುಗಿಸಿದಾಗ ಗೊತ್ತಾದದ್ದು ಬೇರೆ. ಅಂತಹುದೇ ರೂಪದ ಸುಮಾರು 60 ಸಂಕೇತಗಳು ಬೇರೆ ಬೇರೆ ಆವರ್ತನಗಳಲ್ಲಿ ಇದ್ದವು, ಡಿಶ್ ನಕ್ಷತ್ರದತ್ತ ಇಲ್ಲದಾಗಲೂ ಇದ್ದವು. ಯಾವುದೋ ಎಲೆಕ್ಟ್ರಾನಿಕ್ ಉಪಕರಣದ ಸೋರಿಕೆ ಅದು. ಮೊದಲ ಸುದ್ದಿ ಕೋಟ್ಯಂತರ ಜನರಿಗೆ ತಲುಪಿತು. ಎರಡನೆಯದನ್ನು ಎಷ್ಟು ಜನ ಫಾರ್ವರ್ಡ್ ಮಾಡಿದ್ದಾರು?

ಅದೇ ಪಾರ್ಕ್ಸ್‌ನಲ್ಲಿ 1998ರಿಂದ ಆಗಾಗ ಕಾಣಿಸುತ್ತಿದ್ದ, ದೂರದ ಗೆಲಾಕ್ಸಿಯ ಸ್ಫೋಟವನ್ನು ಹೋಲುತ್ತಿದ್ದ ವಿಚಿತ್ರ ಮಿಂಚುಗಳ ಗುಟ್ಟು 2015ರಲ್ಲಿ ಬಯಲಾಯಿತು. ಅಲ್ಲಿನ ಸಿಬ್ಬಂದಿ ಮೈಕ್ರೋವೇವ್ ಓವನ್‌ನ ಬಾಗಿಲನ್ನು ಅದು ನಿಲ್ಲುವ ಮೊದಲೇ ತೆರೆಯುತ್ತಿದ್ದರು!

ಇದು ನಗುವ ವಿಷಯವೇ. ಆದರೆ ಇದರಲ್ಲಿ ಮೆಚ್ಚಬೇಕಾದದ್ದೂ ಇದೆ. ತಮ್ಮ ಊಟ ಬಿಸಿ ಮಾಡುವ ಪೆಟ್ಟಿಗೆಯೇ ತಪ್ಪಿತಸ್ಥ ಎಂದು ಹುಡುಕಿ, ಬಹಿರಂಗವಾಗಿ ಬರೆದು ಪ್ರಕಟಿಸಿದವರೂ ಆ ವಿಜ್ಞಾನಿಗಳೇ. ಮುಚ್ಚಿಡುವವರು ಹೀಗೆ ಮಾಡುತ್ತಾರೆಯೇ?

ನಮ್ಮ ಕೆರೆಯ ಮೇಲೆ ತೇಲಿದ ರೇಡಿಯೊ

ಬಾಹ್ಯಾಕಾಶದ ಸಂಕೇತ ಎಂದರೆ ಅನ್ಯಗ್ರಹದವರದ್ದೇ ಆಗಬೇಕಿಲ್ಲ. ಜಲಜನಕದ ಅಲೆಯೇ ಒಂದು ದೊಡ್ಡ ಸಂದೇಶ. ಅದನ್ನು ಹುಡುಕುವ ಕೆಲಸ ಕರ್ನಾಟಕದಲ್ಲೂ ನಡೆದಿದೆ, ಆದರೆ 1420ರಲ್ಲಿ ಅಲ್ಲ.

ಬ್ರಹ್ಮಾಂಡ ಹಿಗ್ಗುತ್ತಿದೆ. ಅದರ ಜೊತೆ ಹಳೆಯ ಅಲೆಗಳೂ ಹಿಗ್ಗುತ್ತವೆ. ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದಲ್ಲಿ 1420 ಮೆಗಾಹರ್ಟ್ಸ್‌ನಲ್ಲಿ ಹೊರಟ ಅಲೆ ಇಂದು ನಮ್ಮನ್ನು ತಲುಪುವಾಗ ಹದಿನೆಂಟು ಪಟ್ಟು ಹಿಗ್ಗಿದ್ದರೆ, ಸಿಗುವುದು ಸುಮಾರು 78 ಮೆಗಾಹರ್ಟ್ಸ್‌ನಲ್ಲಿ. ಅಂದರೆ ಎಷ್ಟು ಹಳೆಯದನ್ನು ಕೇಳಬೇಕೋ ಅಷ್ಟು ಕೆಳಗೆ ಮುಳ್ಳು ತಿರುಗಿಸಬೇಕು. 2018ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಎಡ್ಜಸ್ ಎಂಬ ಪ್ರಯೋಗದ ತಂಡ ಸರಿಸುಮಾರು ಈ ಆವರ್ತನದಲ್ಲೇ ಅಂತಹ ಗುರುತು ಸಿಕ್ಕಿದೆ ಎಂದಿತು.

ಅದನ್ನು ಪರೀಕ್ಷಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಸರಸ್-3. ಸಮಸ್ಯೆ ಎರಡು. 88 ಮೆಗಾಹರ್ಟ್ಸ್‌ನಿಂದ ಎಫ್‌ಎಂ ಸ್ಟೇಷನ್‌ಗಳ ಅಬ್ಬರ ಶುರು, ಹಾಗಾಗಿ ಪಟ್ಟಣದಿಂದ ದೂರ ಹೋಗಬೇಕು. ಆಂಟೆನಾದ ಕೆಳಗಿನ ನೆಲ ಪದರ ಪದರವಾಗಿರುವುದರಿಂದ ಅಳತೆ ಕೆಡುತ್ತದೆ, ಹಾಗಾಗಿ ನೆಲವೇ ಬೇಡ. 2020ರ ಆರಂಭದಲ್ಲಿ ಅವರು ಆಂಟೆನಾವನ್ನು ತೆಪ್ಪದ ಮೇಲಿಟ್ಟು ದಂಡಿಗಾನಹಳ್ಳಿ ಕೆರೆಯಲ್ಲಿ, ಬಳಿಕ ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟರು. 55ರಿಂದ 85 ಮೆಗಾಹರ್ಟ್ಸ್‌ವರೆಗಿನ ಮಾಹಿತಿ ವಿಶ್ಲೇಷಿಸಿದಾಗ ಆ ಗುರುತು ಅಲ್ಲಿರಲಿಲ್ಲ. 2022ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಗಮನ ಸೆಳೆಯಿತು. ‘ಇಲ್ಲ’ ಎನ್ನುವುದೂ ವಿಜ್ಞಾನದಲ್ಲಿ ದೊಡ್ಡ ಉತ್ತರ.

ಯಾರು ಯಾರಿಗೆ ತೊಂದರೆ?

ಇಂದು ರಾತ್ರಿ ಬಾಹ್ಯಾಕಾಶದ ಕಿರಣಗಳು ಹಾದುಹೋಗುತ್ತವೆ, ಮೊಬೈಲ್ ಆಫ್ ಮಾಡಿ ದೂರವಿಡಿ ಎಂಬ ಹಳೆಯ ಫಾರ್ವರ್ಡ್ ನಿಮಗೆ ನೆನಪಿರಬಹುದು. ಅದೂ ಸುಳ್ಳು. ವಾಸ್ತವ ಅದರ ತಲೆಕೆಳಗು. ಬಾಹ್ಯಾಕಾಶದಿಂದ ಬರುವ ರೇಡಿಯೊ ಅಲೆಗಳು ಎಷ್ಟು ಕ್ಷೀಣವೆಂದರೆ, ಚಂದ್ರನ ಮೇಲೊಂದು ಮೊಬೈಲ್ ಇಟ್ಟು ಕರೆ ಮಾಡಿದರೆ ಅದು ಆಕಾಶದ ಬಹುಪಾಲು ನೈಸರ್ಗಿಕ ರೇಡಿಯೊ ಮೂಲಗಳಿಗಿಂತ ಪ್ರಖರವಾಗಿ ಕಾಣುತ್ತದೆ. ತೊಂದರೆ ಆಗುತ್ತಿರುವುದು ಆಕಾಶದಿಂದ ನಮ್ಮ ಫೋನಿಗಲ್ಲ, ನಮ್ಮ ಫೋನಿನಿಂದ ಆಕಾಶ ನೋಡುವವರಿಗೆ.

ಆದ್ದರಿಂದಲೇ 1400ರಿಂದ 1427 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಯಾರೂ ಪ್ರಸಾರ ಮಾಡಬಾರದು ಎಂಬ ಅಂತರರಾಷ್ಟ್ರೀಯ ನಿಯಮವಿದೆ. ಜಲಜನಕಕ್ಕಾಗಿ ಮೀಸಲಿಟ್ಟ ಮೌನ ಅದು. ಪುಣೆಯ ಉತ್ತರಕ್ಕೆ ಖೊಡದ್ ಬಳಿ 45 ಮೀಟರ್‌ನ 30 ಡಿಶ್‌ಗಳಿರುವ ಜಿಎಂಆರ್‌ಟಿ ದೂರದರ್ಶಕವನ್ನು ಅಲ್ಲಿ ಕಟ್ಟಲು ಒಂದು ಕಾರಣ ಆ ಜಾಗದ ರೇಡಿಯೊ ಶಾಂತಿ.

ಆದರೆ ನೆಲದ ಮೇಲೆ ಬೇಲಿ ಹಾಕಿದರೆ ಸಾಲದು. ಇಂಟರ್ನೆಟ್ ಕೊಡುವ ಸಾವಿರಾರು ಉಪಗ್ರಹಗಳು ಈಗ ತಲೆಯ ಮೇಲೆ ಸುತ್ತುತ್ತಿವೆ. 2023ರಲ್ಲಿ ಯುರೋಪಿನ ಲೋಫಾರ್ ದೂರದರ್ಶಕ ಅಂತಹ ಉಪಗ್ರಹಗಳನ್ನು ಗಮನಿಸಿದಾಗ, ಅವುಗಳ ಎಲೆಕ್ಟ್ರಾನಿಕ್ಸ್‌ನಿಂದ ಉದ್ದೇಶವಿಲ್ಲದ ರೇಡಿಯೊ ಸೋರಿಕೆ 110ರಿಂದ 188 ಮೆಗಾಹರ್ಟ್ಸ್ ನಡುವೆ ಕಂಡುಬಂತು. ನಮಗೆ ಫೋನೂ ಬೇಕು, ಮ್ಯಾಪೂ ಬೇಕು, ಹಳ್ಳಿಗೆ ಇಂಟರ್ನೆಟ್ಟೂ ಬೇಕು. ಅದರ ಜೊತೆಗೆ ಕೆಲವು ಸಂಖ್ಯೆಗಳನ್ನಾದರೂ ಖಾಲಿ ಬಿಡಬೇಕೆಂಬುದು ಖಗೋಳವಿಜ್ಞಾನಿಗಳ ಕೋರಿಕೆ. ಒಮ್ಮೆ ತುಂಬಿದ ಸ್ಟೇಷನ್ ಅನ್ನು ಮತ್ತೆ ಖಾಲಿ ಮಾಡಿಸುವುದು ಕಷ್ಟ.

ಮುಂದಿನ ಫಾರ್ವರ್ಡ್ ಬಂದಾಗ

ಹಂಚುವ ಮೊದಲು ನಾಲ್ಕು ಪ್ರಶ್ನೆ ಕೇಳಿ.

- ಯಾವ ಫ್ರೀಕ್ವೆನ್ಸಿ? ಸಂಖ್ಯೆಯೇ ಇಲ್ಲದಿದ್ದರೆ ಸುದ್ದಿ ಬರೆದವರಿಗೆ ವಿಷಯ ಗೊತ್ತಿಲ್ಲ.
- ಆ ಸಂಖ್ಯೆಯಲ್ಲಿ ಭೂಮಿಯ ಫೋನು, ಉಪಗ್ರಹ, ವಿಮಾನ ಯಾವುದಾದರೂ ಮಾತಾಡುತ್ತದೆಯೇ?
- ಮತ್ತೆ ಸಿಕ್ಕಿತೇ? ಬೇರೊಂದು ದೂರದರ್ಶಕ ಅದನ್ನು ಕಂಡಿದೆಯೇ?
- ಸಂಶೋಧಕರು ಏನೆಂದು ಪ್ರಕಟಿಸಿದ್ದಾರೆ? ‘ಮುಚ್ಚಿಟ್ಟಿದ್ದಾರೆ’ ಎನ್ನುವುದು ಇದಕ್ಕೆ ಉತ್ತರವಲ್ಲ.

ನಿಜವಾದ ಸಂದೇಶ ಎಂದಾದರೂ ಬಂದರೆ ಅದನ್ನು ಮುಚ್ಚಿಡುವುದು ತೀರಾ ಕಷ್ಟ. ಭೂಮಿ ತಿರುಗುತ್ತಲೇ ಇರುವುದರಿಂದ ಒಂದು ದೇಶಕ್ಕೆ ಕಂಡ ನಕ್ಷತ್ರ ಕೆಲ ಗಂಟೆಗಳಲ್ಲಿ ಮುಳುಗುತ್ತದೆ. ಆಮೇಲೆ ಅದನ್ನು ಗಮನಿಸಲು ಇನ್ನೊಂದು ದೇಶದವರಿಗೆ ಹೇಳಲೇಬೇಕು, ‘ಈ ದಿಕ್ಕು, ಈ ಸಂಖ್ಯೆ, ನೀವೂ ನೋಡಿ’ ಎಂದು. ಅಂತಹ ಫಾರ್ವರ್ಡ್ ಇನ್ನೂ ಬಂದಿಲ್ಲ. ಬಂದರೆ ಅದರಲ್ಲಿ ಆ ಸಂಖ್ಯೆ ಖಂಡಿತ ಇರುತ್ತದೆ.